ಮನೆ ಕಟ್ಟುವ ಅಪ್ಪಣೆ: ಮಾರೇನಹಳ್ಳಿಯ ನಿದರ್ಶನ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಹೇಳಿದವರು ಗೃಹಸ್ಥನ ಕಷ್ಟಗಳನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಹಣದ ಹೊಂದಿಕೆ, ಮರಮುಟ್ಟಿನ ಬೆಲೆ, ಮೇಸ್ತ್ರಿಯ ವಾಯಿದೆ, ಅಕಾಲದ ಮಳೆ, ಬಂಧುಗಳ ಬುದ್ಧಿವಾದ ಇವೆಲ್ಲವೂ ಆ ನಾಲ್ಕು ಮಾತಿನೊಳಗೆ ಅಡಗಿವೆ. ಆದರೆ ಪಟ್ಟಣವಾಸಿಯು ಇವೆಲ್ಲಕ್ಕಿಂತಲೂ ಮೊದಲು ಎದುರಿಸಬೇಕಾದ ಒಂದು ಕಷ್ಟವು ಆ ಗಾದೆಯಲ್ಲಿಲ್ಲ. ಅದು ಅಪ್ಪಣೆಯ ಕಷ್ಟ. ತನ್ನ ನೆಲದಲ್ಲಿ, ತನ್ನ ಹಣದಿಂದ, ತನ್ನ ಮನೆಯ ಮೇಲೆ ಒಂದು ಕೊಠಡಿಯನ್ನು ಎತ್ತಿಸಬೇಕೆಂದರೂ ನಕ್ಷೆ ಬರೆಯಿಸಿ, ಕಾಗದಪತ್ರಗಳನ್ನು ಕೂಡಿಸಿ, ನಗರ ಪಾಲಿಕೆಯ ಪರವಾನಗಿಯನ್ನು ಪಡೆಯಬೇಕು. ಗಾದೆ ಹುಟ್ಟಿದ ಕಾಲದಲ್ಲಿ ಇಂಥ ಅಪ್ಪಣೆ ಇರಲಿಲ್ಲವೆ? ಇಲ್ಲದಿದ್ದರೆ ಅದು ಯಾವಾಗ, ಏತಕ್ಕಾಗಿ ಬಂದಿತು? ಬಂದ ಮೇಲೆ ಯಾರನ್ನು ಕಾಪಾಡಿತು, ಯಾರನ್ನು ಹೊರಗಿಟ್ಟಿತು? ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರದ ಬಡಾವಣೆಗಳ ನಡುವೆ ಸೇರಿಹೋಗಿರುವ ಮಾರೇನಹಳ್ಳಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಮಾಡಿದರೆ ಪಟ್ಟಣದ ಚರಿತ್ರೆಯ ಒಂದು ಮುಖ್ಯವಾದ ಮಗ್ಗುಲು ತಿಳಿದುಬರುತ್ತದೆ. ಜಯನಗರದ ಆಚೆ, ಜೆ.ಪಿ. ನಗರದ ಬಳಿಯಲ್ಲಿಯೂ ಇದೇ ಹೆಸರಿನ ಊರೊಂದುಂಟು. ಇಲ್ಲಿ ಹೇಳುವುದು ಅದನ್ನಲ್ಲ.

ಮನೆ ಕಟ್ಟುವವನು ತನ್ನ ಇಷ್ಟದಂತೆಯೇ ಕಟ್ಟಬಹುದೆಂಬ ಸ್ವಾತಂತ್ರ್ಯವು ಪುರಾತನ ಕಾಲದಲ್ಲಿಯೂ ಇದ್ದಂತೆ ತೋರುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಗೃಹವಾಸ್ತುವಿನ ವಿಷಯವಾಗಿಯೇ ಒಂದು ಪ್ರಕರಣವಿದೆ. ಎರಡು ಮನೆಗಳ ನಡುವೆ ಎಷ್ಟು ತೆರಪು ಬಿಡಬೇಕು, ಬಚ್ಚಲ ನೀರು ಎತ್ತ ಹರಿಯಬೇಕು, ಒಲೆಯೂ ಒರಳೂ ನೆರೆಯ ಗೋಡೆಯಿಂದ ಎಷ್ಟು ದೂರವಿರಬೇಕು, ಬೆಳಕಿಂಡಿಯನ್ನು ಎಲ್ಲಿ ಇಡಬೇಕು ಎಂಬುದೆಲ್ಲ ಅಲ್ಲಿ ವಿಧಿಸಲ್ಪಟ್ಟಿದೆ. ತಪ್ಪಿದವನಿಗೆ ದಂಡವೂ ಹೇಳಲ್ಪಟ್ಟಿದೆ. ಅಷ್ಟು ವಿಧಿಸಿದ ಮೇಲೆ, ನೆರೆಹೊರೆಯ ಮನೆಯೊಡೆಯರು ಕೂಡಿ ಒಪ್ಪಿಕೊಂಡರೆ ತಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದು, ಬೇಡವಾದುದನ್ನು ತಡೆಯಬಹುದು ಎಂಬ ಸಡಿಲಿಕೆಯೂ ಆ ಪ್ರಕರಣದಲ್ಲಿದೆ. ಈ ಸಡಿಲಿಕೆಯು ಗಮನಾರ್ಹವಾದುದು. ರಾಜನ ನಿಯಮಕ್ಕೆ ಆಧಾರವಾದದ್ದು ನೆರೆಯವನ ಹಿತ. ನೆರೆಯವನೇ ಒಪ್ಪಿದರೆ ನಿಯಮವು ಹಿಂದಕ್ಕೆ ಸರಿಯುತ್ತದೆ. ಈ ಗ್ರಂಥದ ಹಸ್ತಪ್ರತಿಯು 1905ರಲ್ಲಿ ದೊರೆತು, ಆರ್. ಶಾಮಾಶಾಸ್ತ್ರಿಗಳ ಸಂಪಾದಕತ್ವದಲ್ಲಿ 1909ರಲ್ಲಿ ಅಚ್ಚಾದದ್ದು ಮೈಸೂರಿನಲ್ಲಿಯೇ. ಅದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನವು ತನ್ನ ಪಟ್ಟಣಗಳಿಗೆ ಹೊಸ ಪೌರನಿಬಂಧನೆಗಳನ್ನು ರೂಪಿಸುತ್ತಿತ್ತೆಂಬುದು ಒಂದು ವಿಚಿತ್ರವಾದ ಕಾಕತಾಳೀಯ.

ಹಳ್ಳಿಗಳಲ್ಲಿ ಗ್ರಂಥದ ಮಾತಿಲ್ಲದೆಯೇ ರೂಢಿಯು ಇದೇ ಕೆಲಸವನ್ನು ಮಾಡುತ್ತಿತ್ತು. ಸೂರಿನ ನೀರು ಯಾರ ಅಂಗಳಕ್ಕೆ ಬೀಳತಕ್ಕದ್ದು, ನಡುಗೋಡೆ ಯಾರದು, ಹಿತ್ತಿಲಿಗೆ ಹೋಗುವ ದಾರಿಯನ್ನು ಮುಚ್ಚಬಹುದೋ ಬಾರದೋ ಎಂಬ ವ್ಯಾಜ್ಯಗಳನ್ನು ಗೌಡರೂ ಊರ ಹಿರಿಯರೂ ಚಾವಡಿಯಲ್ಲಿ ಕುಳಿತು ತೀರ್ಮಾನಿಸುತ್ತಿದ್ದರು. ಆ ತೀರ್ಮಾನಕ್ಕೆ ನಕ್ಷೆಯಿರಲಿಲ್ಲ. ಊರಿನ ನೆನಪೇ ನಕ್ಷೆ. ಆ ನ್ಯಾಯವು ಎಲ್ಲರಿಗೂ ಸಮನಾಗಿತ್ತೆಂದು ಹೇಳುವುದಕ್ಕಾಗದು. ಚಾವಡಿಯ ಮೇಲೆ ಕುಳಿತವರ ಮಾತು ಕೇರಿಯ ಕೊನೆಯ ಮನೆಯವನ ಮಾತಿಗಿಂತ ಭಾರವಾಗಿರುತ್ತಿತ್ತು. ಹೊಲಗೇರಿ ಮಾದಿಗೇರಿಗಳವರು ಎಲ್ಲಿ ಮನೆ ಕಟ್ಟಬಾರದೆಂಬುದು ಆ ರೂಢಿಯ ಅತ್ಯಂತ ಕಠಿಣವಾದ ಭಾಗವಾಗಿತ್ತು. ಕಾಗದದ ಮೇಲಣ ಕಾನೂನು ಬಂದುದರಲ್ಲಿ ಏನಾದರೂ ಲಾಭವಾಗಿದ್ದರೆ ಅದನ್ನು ಈ ಕಡೆಯಿಂದಲೂ ಎಣಿಸಬೇಕು.

ಮಾರೇನಹಳ್ಳಿಯು ಇಂಥ ಹಳ್ಳಿಗಳಲ್ಲೊಂದು. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳುವ ಬೆಂಗಳೂರು ಕೋಟೆ ಪೇಟೆಗಳಿಂದ ಪಶ್ಚಿಮಕ್ಕೆ ಮಾಗಡಿಯ ದಾರಿ ಹಿಡಿದು ಹೊರಟರೆ ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ, ನಾಗರಭಾವಿ ಎಂಬ ಹೆಸರುಗಳು ಒಂದರ ಬಳಿಯೊಂದು ಕೇಳಿಬರುತ್ತವೆ. ಇವು ಬಡಾವಣೆಗಳಿಗೆ ಇಟ್ಟ ಹೆಸರುಗಳಲ್ಲ. ಹೊಲಗದ್ದೆಗಳ ನಡುವೆ ಇದ್ದ ಊರುಗಳ ಹೆಸರುಗಳು. ಹೊಲಗಳು ಹೋಗಿ ಹೆಸರುಗಳು ಉಳಿದುವು. ಹೆಸರಿನೊಡನೆ ಉಳಿದ ಮತ್ತೊಂದು ವಸ್ತುವೆಂದರೆ ಹಳೆಯ ಊರಿನ ಮನೆಗಳು ನಿಂತ ನೆಲ, ಎಂದರೆ ಗ್ರಾಮಠಾಣಾ. ಈ ಲೇಖನದ ಮುಖ್ಯ ವಿಷಯವು ಆ ನೆಲಕ್ಕೆ ಸಂಬಂಧಪಟ್ಟದ್ದು. ಅದಕ್ಕೆ ಬರುವ ಮುಂಚೆ ಪಟ್ಟಣದಲ್ಲಿ ಅಪ್ಪಣೆಯ ಕಾನೂನು ಹೇಗೆ ಹುಟ್ಟಿತೆಂಬುದನ್ನು ನೋಡಬೇಕು.

ಮನೆ ಕಟ್ಟುವ ಕಾನೂನುಗಳೆಲ್ಲವೂ ಸಾಮಾನ್ಯವಾಗಿ ಒಂದೊಂದು ಉತ್ಪಾತದ ಮರಿಗಳು. ಲಂಡನ್ ನಗರವು 1666ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆಯೇ, ಇನ್ನು ಮುಂದೆ ಮನೆಗಳನ್ನು ಮರದಿಂದ ಕಟ್ಟಕೂಡದು, ಇಟ್ಟಿಗೆಯಿಂದಲೋ ಕಲ್ಲಿನಿಂದಲೋ ಕಟ್ಟತಕ್ಕದ್ದೆಂಬ ಶಾಸನ ಹುಟ್ಟಿದ್ದು. ಕಾಲರಾ ಜಾಡ್ಯವು ಇಂಗ್ಲೆಂಡಿನ ಕಾರ್ಖಾನೆಯ ಊರುಗಳನ್ನು ಹಲವು ಸಲ ಹಾಳುಗೆಡವಿದ ತರುವಾಯ 1875ರ ಸಾರ್ವಜನಿಕ ಆರೋಗ್ಯದ ಶಾಸನವು ಬಂದು, ಬೀದಿ ಇಷ್ಟು ಅಗಲವಿರಬೇಕು, ಮನೆಯ ಹಿಂದೆ ಇಷ್ಟು ಬಯಲಿರಬೇಕು ಎಂಬ ಉಪನಿಬಂಧನೆಗಳಿಗೆ ದಾರಿಯಾಯಿತು. ಬೆಂಗಳೂರಿನ ಪೇಟೆಗೆ 1862ರಲ್ಲಿಯೇ ಒಂದು ಪೌರಸಭೆಯು ಏರ್ಪಟ್ಟಿತ್ತು. ದಂಡಿನ ಪ್ರದೇಶಕ್ಕೆ ಬೇರೊಂದು ಸಭೆಯಿತ್ತು. ಚರಂಡಿ, ದೀಪ, ರಸ್ತೆಗಳ ವಿಚಾರದಲ್ಲಿ ಅವು ಕೆಲಸ ಮಾಡುತ್ತ ಬಂದುವು. ಆದರೆ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದು ಗಾಳಿ ಬೆಳಕುಗಳನ್ನು ಅಳೆಯುವ ಅಧಿಕಾರವನ್ನು ಸರ್ಕಾರವು ನಿಸ್ಸಂಕೋಚವಾಗಿ ಕೈಗೆ ತೆಗೆದುಕೊಂಡದ್ದು ಪ್ಲೇಗಿನ ಕಾಲದಲ್ಲಿ.

1898ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಪ್ಲೇಗು ಬೆಂಗಳೂರಿಗೆ ಬಂದು ಸೇರಿತು. ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದರು, ಸರ್ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಲಾಯಿತು. ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಸಾವುಗಳು ಸಾವಿರಗಳ ಲೆಕ್ಕಕ್ಕೆ ಏರಿದುವು. ಜನ ಮನೆಗಳನ್ನು ಬಿಟ್ಟು ಊರ ಹೊರಗೆ ಚಪ್ಪರ ಹಾಕಿಕೊಂಡರು. ಕಾಯಿಲೆ ಕಂಡ ಮನೆಗಳನ್ನು ತೆರವು ಮಾಡಿಸಿ, ಬಿಸಿಲು ಬೀಳಲೆಂದು ಛಾವಣಿಯನ್ನು ಬಿಚ್ಚಿಸಿ, ಕೆಲವನ್ನು ಕೆಡವಿಸಿಯೂ ಹಾಕಿದರು. ಕತ್ತಲೆಯೂ ಕೆಟ್ಟ ಗಾಳಿಯೂ ರೋಗಕ್ಕೆ ಮೂಲವೆಂಬುದು ಆ ಕಾಲದ ನಂಬಿಕೆ. ಇಲಿಯ ಮೈಮೇಲಣ ಚಿಗಟವು ಪ್ಲೇಗನ್ನು ಹರಡುತ್ತದೆಂದು ಫ್ರಾನ್ಸ್ ದೇಶದ ವೈದ್ಯ ಸೀಮೊಂಡನು ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಆದರೆ ವೈದ್ಯಲೋಕವು ಆ ಮಾತನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದುವು. ಹೀಗೆ ಅರ್ಧ ತಪ್ಪಾದ ಶಾಸ್ತ್ರದಿಂದ ಪೂರ್ತಿ ಉಪಯುಕ್ತವಾದ ನಿಯಮವೊಂದು ಹುಟ್ಟಿತು. ಮನೆಯ ಸುತ್ತ ತೆರಪು ಬಿಟ್ಟುದರಿಂದ ಪ್ಲೇಗು ನಿಲ್ಲದಿದ್ದರೂ ಕ್ಷಯದ ಹಾವಳಿ, ಬೆಂಕಿಯ ಭಯ, ಕೊಳಚೆಯ ನಾರುವಿಕೆಗಳು ಕಡಿಮೆಯಾಗುವುದಕ್ಕೆ ಅನುಕೂಲವಾಯಿತು.

ಪೇಟೆಯಿಂದ ಜನರನ್ನು ಹೊರಕ್ಕೆ ಕರೆತರಲು ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳು ಬೆಳೆದುವು. ನೇರವಾದ ಬೀದಿಗಳು, ಅಳತೆಯ ನಿವೇಶನಗಳು, ಮನೆಗಳ ಹಿಂಬದಿಯಲ್ಲಿ ಕಸ ಬಳಿಯುವವರು ಓಡಾಡುವ ಗಲ್ಲಿಗಳು, ಮನೆಯ ಸುತ್ತ ಬಯಲು: ಇವು ಬೆಂಗಳೂರಿಗೆ ಹೊಸತಾದ ನೋಟ. ಇಲ್ಲಿಯೇ ಒಂದು ಬದಲಾವಣೆಯು ಸದ್ದಿಲ್ಲದೆ ನಡೆಯಿತು. ಹಳೆಯ ಊರಿನಲ್ಲಿ ಮೊದಲು ಮನೆ, ಆಮೇಲೆ ಬೀದಿ. ಮನೆಗಳು ನಿಂತ ಮೇಲೆ ನಡುವೆ ಉಳಿದ ಜಾಗವೇ ಓಣಿ. ಹೊಸ ಬಡಾವಣೆಯಲ್ಲಿ ಮೊದಲು ಕಾಗದದ ಮೇಲೆ ಬೀದಿ, ಆಮೇಲೆ ನಿವೇಶನ, ಕೊನೆಗೆ ಮನೆ. ಕಟ್ಟಡದ ಅಪ್ಪಣೆಯ ಕಾನೂನು ಈ ಎರಡನೆಯ ಬಗೆಯ ಊರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಳೆಯಿತು. ನಾಲ್ಕು ಮೂಲೆಗಳೂ ನೆಟ್ಟಗಿರುವ, ಉದ್ದ ಅಗಲಗಳನ್ನು ಅಂಕೆಯಲ್ಲಿ ಹೇಳಬಹುದಾದ, ಒಬ್ಬನ ಹೆಸರಿನಲ್ಲಿ ದಾಖಲೆಯಿರುವ ನಿವೇಶನವನ್ನು ಅದು ಮೊದಲೇ ಕಲ್ಪಿಸಿಕೊಳ್ಳುತ್ತದೆ.

ಮುಂಬಯಿಯಲ್ಲಿ ಪ್ಲೇಗಿನ ಬೆನ್ನಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಏರ್ಪಟ್ಟಿತು. ಮೈಸೂರು ಸಂಸ್ಥಾನವು ಅದರ ಹಾದಿಯಲ್ಲಿ 1903ರಲ್ಲಿ ಮೈಸೂರು ನಗರಕ್ಕೆ ಅಂಥದೇ ಒಂದು ಶಾಸನವನ್ನು ಮಾಡಿತು. 1906ರಲ್ಲಿ ಪೌರಸಭೆಗಳ ರೆಗ್ಯುಲೇಷನ್ನೂ, 1933ರಲ್ಲಿ ನಗರ ಪೌರಸಭೆಗಳ ಶಾಸನವೂ ಬಂದುವು. ಬೆಂಗಳೂರಿಗೆ ಪ್ರತ್ಯೇಕವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು 1945ರ ಶಾಸನದಿಂದ ಹುಟ್ಟಿತು. 1949ರಲ್ಲಿ ಪೇಟೆಯ ಪೌರಸಭೆಯೂ ದಂಡಿನ ಪೌರಸಭೆಯೂ ಕೂಡಿ ಕಾರ್ಪೊರೇಷನ್ ಆಯಿತು. ಅದೇ 1949ರಲ್ಲಿ ಪಶ್ಚಿಮದ ದಿಕ್ಕಿನಲ್ಲಿ ಕೈಗಾರಿಕೆಯ ಉಪನಗರವೊಂದಕ್ಕೆ ಅಸ್ತಿಭಾರ ಬಿದ್ದು, ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನಿಂದ ಅದು ರಾಜಾಜಿನಗರವೆನಿಸಿತು. ಪಟ್ಟಣವು ಮಾಗಡಿಯ ದಾರಿಗೆ ಕಾಲಿಟ್ಟಿತು. ಅನಂತರದ ದಶಕಗಳಲ್ಲಿ ವಿಶ್ವಸ್ತ ಮಂಡಳಿಯೂ, 1976ರ ಶಾಸನದಿಂದ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಪಶ್ಚಿಮದ ಹೊಲಗಳನ್ನು ಭೂಸ್ವಾಧೀನ ಮಾಡಿಕೊಂಡು 20×30, 30×40, 40×60 ಅಡಿಗಳ ನಿವೇಶನಗಳನ್ನಾಗಿ ಸೀಳಿದುವು. ವಿಜಯನಗರದ ಬಡಾವಣೆಯು ಹೀಗೆ ಬಂದುದು.

ಹೊಲಗಳನ್ನು ತೆಗೆದುಕೊಂಡ ಮಂಡಳಿಯು ಊರನ್ನು ತೆಗೆದುಕೊಳ್ಳಲಿಲ್ಲ. ಜನವಸತಿಯ ನೆಲವನ್ನು ಬಿಟ್ಟು ಸುತ್ತಲೂ ನಕ್ಷೆ ಬರೆಯಿತು. ಇದರಲ್ಲಿ ದಯೆಯಿತ್ತು, ಯಾರ ಮನೆಯೂ ಬೀಳಲಿಲ್ಲ. ಆದರೆ ಪರಿಣಾಮವು ವಿಚಿತ್ರವಾಯಿತು. ಮಾರೇನಹಳ್ಳಿಯಂಥ ಊರುಗಳು ಸಾಲು ಸಾಲಾದ ಬೀದಿಗಳ ನಡುವೆ ನಡುಗಡ್ಡೆಗಳಂತೆ ಉಳಿದುವು. ಗೋಡೆಗೆ ಗೋಡೆ ತಾಕಿಸಿ ಕಟ್ಟಿದ ಮನೆಗಳು, ದನದ ಕೊಟ್ಟಿಗೆಯಿದ್ದ ಕಡೆ ಎದ್ದ ಬಾಡಿಗೆಯ ಬಿಡಾರ, ಗಾಡಿ ತಿರುಗಲಾರದ ಓಣಿ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಹಿತ್ತಿಲು ಇವು ಒಂದು ಕಡೆ. ಸೂತ್ರ ಹಿಡಿದು ಎಳೆದಂಥ ಬಡಾವಣೆಯ ಅಡ್ಡರಸ್ತೆ ಇನ್ನೊಂದು ಕಡೆ. ಎರಡಕ್ಕೂ ಮುಂದೆ ಒಂದೇ ಅಳತೆಗೋಲು ಬಂದಿತು.

ಹಳೆಯ ಊರಿಗೆ ಹೊಸ ಅಳತೆಗೋಲು ಹಿಡಿಸುವುದಿಲ್ಲವೆಂಬ ಮಾತನ್ನು ಬಲ್ಲವರು ಬಹು ಹಿಂದೆಯೇ ಹೇಳಿದ್ದರು. ಸ್ಕಾಟ್ಲೆಂಡಿನ ನಗರಶಾಸ್ತ್ರಜ್ಞ ಪ್ಯಾಟ್ರಿಕ್ ಗೆಡ್ಡೆಸನು 1914 ಮತ್ತು 1915ರಲ್ಲಿ ಮದರಾಸು ಪ್ರಾಂತದ ಊರುಗಳನ್ನು ಕಾಲ್ನಡೆಯಲ್ಲಿ ಸುತ್ತಿ ವರದಿಗಳನ್ನು ಬರೆದನು. ಆಗ ಆ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯೂ ಅವುಗಳಲ್ಲೊಂದು. ಇಕ್ಕಟ್ಟಾದ ಕೇರಿಯ ನಡುವೆ ಅಗಲವಾದ ರಸ್ತೆಯನ್ನು ಕೊರೆದು ನೂರಾರು ಸಂಸಾರಗಳನ್ನು ಬೀದಿಪಾಲು ಮಾಡುವುದಕ್ಕಿಂತ, ಹಾಳುಬಿದ್ದ ಒಂದೆರಡು ಮನೆಗಳನ್ನು ತೆಗೆದು ಅಲ್ಲಿ ಸ್ವಲ್ಪ ಬಯಲು ಮಾಡಿ, ಒಂದು ಮರವನ್ನು ನೆಟ್ಟು, ಓಣಿಯನ್ನು ಅಲ್ಲಲ್ಲಿ ಸಡಿಲಿಸಿದರೆ ಸಾಕೆಂಬುದು ಅವನ ಮತ. ರೋಗಿಯನ್ನು ಕೊಲ್ಲದೆ ಮಾಡುವ ಶಸ್ತ್ರಚಿಕಿತ್ಸೆಯೆಂದು ಅದನ್ನು ಭಾವಿಸಬಹುದು. ಆದರೆ ಆ ಚಿಕಿತ್ಸೆಗೆ ಪ್ರತಿಯೊಂದು ಕೇರಿಯನ್ನೂ ಬೇರೆಬೇರೆಯಾಗಿ ನೋಡುವ ತಾಳ್ಮೆ ಬೇಕು. ಬೆಳೆಯುವ ಪಟ್ಟಣದ ಕಚೇರಿಗಳಿಗೆ ಅಷ್ಟು ಬಿಡುವು ಎಲ್ಲಿಯೂ ದೊರೆಯಲಿಲ್ಲ.

1976ರ ಕರ್ನಾಟಕ ಪೌರ ನಿಗಮಗಳ ಶಾಸನವು ಕಟ್ಟಡದ ಅಪ್ಪಣೆಯ ಕ್ರಮವನ್ನು ವಿಸ್ತಾರವಾಗಿ ವಿಧಿಸಿತು. ಹೊಸದಾಗಿ ಕಟ್ಟುವವನೂ, ಇದ್ದುದನ್ನು ಮರಳಿ ಕಟ್ಟುವವನೂ, ಮಾರ್ಪಡಿಸಿ ಹೆಚ್ಚಿಸುವವನೂ ಅರ್ಜಿಯೊಡನೆ ನಕ್ಷೆಯನ್ನು ಒಪ್ಪಿಸಬೇಕು. ಅಪ್ಪಣೆಯಿಲ್ಲದೆ ಕೆಲಸವನ್ನು ಆರಂಭಿಸಕೂಡದು. ಮುಗಿದ ಮೇಲೆ ವಾಸಕ್ಕೆ ಮತ್ತೆ ಒಪ್ಪಿಗೆ ಪಡೆಯಬೇಕು. ಮೀರಿದರೆ ಕೆಡವಿಸುವ ಅಧಿಕಾರವು ಕಮಿಷನರಿಗುಂಟು. ಅರ್ಜಿಯನ್ನು ಗೊತ್ತಾದ ದಿನಗಳೊಳಗೆ ತೀರ್ಮಾನಿಸಬೇಕೆಂಬ ಕಟ್ಟು ಕಚೇರಿಗೂ ಇತ್ತು. ಇದರ ಆಧಾರದ ಮೇಲೆ 2003ರಲ್ಲಿ ಕಟ್ಟಡದ ಉಪನಿಬಂಧನೆಗಳು ಬಂದುವು. ಸುಣ್ಣಬಣ್ಣ, ಗಾರೆಯ ಮೆತ್ತಿಗೆ, ನೆಲಹಾಸು, ಎತ್ತರ ಹೆಚ್ಚಿಸದೆ ಹೆಂಚು ಕೈಯಾಡಿಸುವುದು ಇಂಥ ದುರಸ್ತಿಗಳಿಗೆ ಪರವಾನಗಿ ಬೇಕಿಲ್ಲ. ಗೋಡೆಯನ್ನು ಮುಂದಕ್ಕೆ ತಂದರೆ, ಕೊಠಡಿಯನ್ನು ಸೇರಿಸಿದರೆ, ಮಹಡಿಯನ್ನು ಎತ್ತಿದರೆ ಬೇಕು. ಸಾಮಾನ್ಯ ಗೃಹಸ್ಥನಿಗೆ ನೆನಪಿನಲ್ಲಿಡಲು ಒಂದು ಸುಲಭವಾದ ಗುರುತೆಂದರೆ, ಮಾಡಿದ ಕೆಲಸದಿಂದ ನೆರೆಯವನ ಗಾಳಿ ಬೆಳಕುಗಳಾಗಲಿ, ಕಟ್ಟಡವು ಹೊರುವ ಭಾರವಾಗಲಿ ಬದಲಾಯಿಸುವುದಾದರೆ ಕೇಳಿಯೇ ಮಾಡಬೇಕು.

ಕೇಳದೆ ಮಾಡಿದರೆ ಆಗುವ ಅನರ್ಥಕ್ಕೆ ಬೆಂಗಳೂರು ಸಾಕ್ಷಿಯಾಗಿದೆ. 1983ರ ಸೆಪ್ಟೆಂಬರ್ 12ರಂದು ಪಟ್ಟಣದ ನಡುವೆ, ಕಪಾಲಿ ಚಿತ್ರಮಂದಿರದ ಬಳಿಯಲ್ಲಿ ಕಟ್ಟಲಾಗುತ್ತಿದ್ದ ಬಹುಮಹಡಿಯ ಕಟ್ಟಡವೊಂದು ಕುಸಿದುಬಿದ್ದು ನೂರಕ್ಕೂ ಮೇಲ್ಪಟ್ಟ ಜನ ಸತ್ತರು. 2024ರ ಅಕ್ಟೋಬರ್ 22ರಂದು ಹೊರಮಾವಿನ ಬಳಿಯ ಬಾಬುಸಾಪಾಳ್ಯದಲ್ಲಿ, ಮಳೆಯ ದಿನಗಳಲ್ಲಿ, ಇನ್ನೂ ಮುಗಿಯದ ಕಟ್ಟಡವೊಂದು ಬಿದ್ದು ಒಂಬತ್ತು ಮಂದಿ ಕೂಲಿಗಾರರು ಪ್ರಾಣ ಕಳೆದುಕೊಂಡರು. ಅದಕ್ಕೆ ದೊರೆತಿದ್ದ ಅಪ್ಪಣೆಯನ್ನು ಮೀರಿ ಮಹಡಿಗಳು ಏರಿದ್ದುವು. ಇಂಥ ಕಡೆಗಳಲ್ಲಿ ಸಾಯುವವರು ಮನೆಯ ಒಡೆಯರಲ್ಲ, ಇಟ್ಟಿಗೆ ಹೊರುವವರು. ಅಪ್ಪಣೆಯೆಂಬುದು ಬರಿಯ ಕಾಗದವಲ್ಲವೆಂದು ಹೇಳುವುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಆದರೂ ಪಶ್ಚಿಮದ ಬೀದಿಗಳಲ್ಲಿ ನಿಯಮವನ್ನು ಮೀರದ ಮನೆಯನ್ನು ಹುಡುಕುವುದು ಏತಕ್ಕೆ ಕಷ್ಟವಾಯಿತು? ಲೆಕ್ಕವೊಂದನ್ನು ಮಾಡಿ ನೋಡಬಹುದು. 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾಯೋಜನೆಯ ನಿಯಮಗಳು, 360 ಚದರ ಮೀಟರು ಮೀರದ ನಿವೇಶನವು 12 ಮೀಟರಿನವರೆಗಿನ ಅಗಲದ ರಸ್ತೆಯಲ್ಲಿದ್ದರೆ, ನೆಲದ ನೂರಕ್ಕೆ 75 ಭಾಗದಲ್ಲಿ ಕಟ್ಟಬಹುದೆಂದೂ, ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವು ನಿವೇಶನದ 1.75 ಪಾಲನ್ನು ಮೀರಬಾರದೆಂದೂ ವಿಧಿಸಿದುವು. 30×40 ಅಡಿಯ ನಿವೇಶನವೆಂದರೆ 1,200 ಚದರಡಿ. ಒಂದೊಂದು ಅಂತಸ್ತಿಗೆ ಹೆಚ್ಚೆಂದರೆ 900 ಚದರಡಿ, ಒಟ್ಟು 2,100. ಎರಡು ಅಂತಸ್ತು ಮುಗಿಯುವ ಹೊತ್ತಿಗೆ 1,800 ಆಯಿತು. ಮೂರನೆಯದಕ್ಕೆ ಉಳಿದದ್ದು 300 ಚದರಡಿ, ಒಂದು ಕೊಠಡಿ ಮತ್ತು ಮೆಟ್ಟಿಲಿನಷ್ಟು. ನಾಲ್ಕು ಅಂತಸ್ತುಗಳನ್ನು ಪೂರ್ತಿ ಎತ್ತಿದರೆ 3,600 ಚದರಡಿಯಾಗುತ್ತದೆ. ನೆಲದ ಬೆಲೆ ಏರುತ್ತ ಹೋಯಿತು. 2015ರ ನವೆಂಬರಿನಲ್ಲಿ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆಗಳ ಮೇಲೆ ಮೆಟ್ರೋ ರೈಲು ಓಡತೊಡಗಿದ ಮೇಲೆ ಬಾಡಿಗೆಯ ಆಸೆಯೂ ಏರಿತು. 2,100ಕ್ಕೂ 3,600ಕ್ಕೂ ನಡುವಣ ಅಂತರದಲ್ಲಿ ಒಂದು ಸಂಸಾರದ ಮುಪ್ಪಿನ ಜೀವನವೇ ಇದೆಯೆಂದು ಗೃಹಸ್ಥನು ಎಣಿಸಿದನು. ಅತ್ಯಾಶೆಯೂ ಕೆಲವರಲ್ಲಿತ್ತೆಂಬುದು ನಿಜವೇ. ಆದರೆ ಪಿಂಚಣಿಯಿಲ್ಲದವನಿಗೆ ಮೇಲಂತಸ್ತಿನ ಬಾಡಿಗೆಯೇ ಪಿಂಚಣಿಯೆಂಬುದೂ ನಿಜವೇ.

ಇದು ಬಡಾವಣೆಯ ಮನೆಯ ಕಥೆ. ಗ್ರಾಮಠಾಣಾದ ಮನೆಯದು ಬೇರೆ. ಅಗಲ 15 ಅಡಿ, ಉದ್ದ 40 ಅಡಿಯ ಒಂದು ಹಳೆಯ ಮನೆಯನ್ನು ಕಲ್ಪಿಸಿಕೊಳ್ಳೋಣವಾಗಲಿ. ಎರಡು ಪಕ್ಕದ ಗೋಡೆಗಳೂ ನೆರೆಯವರೊಡನೆ ಕೂಡಿದುವು. ಮುಂದೆ ಜಗಲಿ, ಅದರಾಚೆ ಎಂಟಡಿಯ ಓಣಿ. ಮಗನಿಗೆ ಮದುವೆ ಗೊತ್ತಾಗಿದೆ. ಮೇಲೊಂದು ಕೊಠಡಿ ಬೇಕು. ಪಕ್ಕಗಳಲ್ಲಿ ಎರಡೆರಡು ಅಡಿಯನ್ನು ಬಿಟ್ಟು ಕಟ್ಟಿದರೆ, ಗೋಡೆಗಳ ದಪ್ಪ ಕಳೆದು, ಉಳಿಯುವುದು ಮನೆಯಲ್ಲ, ಪಡಸಾಲೆ. ಬಿಡದೆ ಕಟ್ಟಿದರೆ ನಕ್ಷೆಗೆ ಒಪ್ಪಿಗೆ ದೊರೆಯುವುದು ಕಷ್ಟ. ನಕ್ಷೆ ಬರೆಯಿಸಲು ಹೋದರೆ ಮೊದಲು ಕಾಗದ ಕೇಳುತ್ತಾರೆ. ಅಜ್ಜನ ಕಾಲದಿಂದ ವಾಸವಿದ್ದುದಕ್ಕೆ ಹಳೆಯ ಕಂದಾಯದ ರಸೀತಿಗಳು ಸಿಕ್ಕಬಹುದು. ಕ್ರಯಪತ್ರವು ಎಲ್ಲಿಂದ ಬರಬೇಕು, ಯಾರೂ ಮಾರಲಿಲ್ಲ, ಯಾರೂ ಕೊಳ್ಳಲಿಲ್ಲ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ನೋಂದಣಿಯಾಗಿಲ್ಲ. ಈ ಮನೆಯವನು ಯಾರ ನೆಲವನ್ನೂ ಒತ್ತಿಕೊಂಡವನಲ್ಲ. ಅವನ ಊರು ಕಾನೂನಿಗಿಂತ ಮೊದಲೇ ಇತ್ತು, ಅಷ್ಟೆ. ಆದರೂ ಕೆರೆಯಂಗಳವನ್ನು ಮುಚ್ಚಿ ನಿವೇಶನ ಮಾಡಿ ಮಾರಿದವನೂ ಇವನೂ ಕಚೇರಿಯ ಬಾಯಿಯಲ್ಲಿ ಒಂದೇ ಹೆಸರಿನಿಂದ ‘ಅಕ್ರಮ’ದವರಾದರು.

ಈ ಗೊಂದಲವು 2007ರ ಅನಂತರ ಇನ್ನೂ ಹೆಚ್ಚಿತು. ಆ ವರ್ಷ ಏಳು ನಗರಸಭೆಗಳನ್ನೂ, ಕೆಂಗೇರಿಯ ಪುರಸಭೆಯನ್ನೂ, ನೂರಕ್ಕಿಂತ ಹೆಚ್ಚು ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾಯಿತು. ಭೂಪರಿವರ್ತನೆಯಾಗದ ಹೊಲಗಳಲ್ಲಿ ಎದ್ದ ‘ರೆವಿನ್ಯೂ ಸೈಟು’ಗಳು ಲಕ್ಷಾಂತರವಾಗಿ ಪಾಲಿಕೆಯೊಳಗೆ ಬಂದುವು. ಅವುಗಳಿಂದ ತೆರಿಗೆ ಬೇಕು, ಆದರೆ ಅವನ್ನು ಸಕ್ರಮವೆಂದು ಒಪ್ಪುವಂತಿಲ್ಲ. ಆದುದರಿಂದ ಒಂದು ಎರಡನೆಯ ವಹಿಯು ಬಂದಿತು. ಮೊದಲನೆಯ ವಹಿಯಲ್ಲಿರುವವರದು ‘ಎ’ ಖಾತೆ, ಎರಡನೆಯದರಲ್ಲಿರುವವರದು ‘ಬಿ’ ಖಾತೆ. ‘ಬಿ’ ಖಾತೆಯವನು ತೆರಿಗೆಯನ್ನು ಇತರರಂತೆಯೇ ಕಟ್ಟಿದನು. ಕಟ್ಟಡದ ಪರವಾನಗಿ ಮಾತ್ರ ಅವನಿಗೆ ದೊರೆಯಲಿಲ್ಲ. ಪರವಾನಗಿ ದೊರೆಯದ ಕಾರಣ ಮನೆ ಕಟ್ಟುವುದು ನಿಲ್ಲಲಿಲ್ಲ; ಪರವಾನಗಿಯಿಲ್ಲದೆ ಕಟ್ಟುವುದು ನಡೆಯಿತು. ಅಲ್ಲಿಗೆ ಗಾಳಿ ಬೆಳಕುಗಳನ್ನು ನೋಡುವ ಕಣ್ಣೂ, ಅಸ್ತಿಭಾರವನ್ನು ಪರೀಕ್ಷಿಸುವ ಕಣ್ಣೂ ಇಲ್ಲವಾದುವು. ಒಬ್ಬನಿಗೆ ಅಪ್ಪಣೆ ಕೊಡುವುದೇ ಅಸಾಧ್ಯವೆಂದು ಮಾಡಿದ ಮೇಲೆ ಅವನನ್ನು ಎಚ್ಚರಿಸುವ ಅಧಿಕಾರವನ್ನೂ ಕಾನೂನು ತಾನಾಗಿಯೇ ಕಳೆದುಕೊಳ್ಳುತ್ತದೆಯೆಂಬ ಪಾಠವು ಇಲ್ಲಿ ದೊರೆಯುತ್ತದೆ.

ಈ ಕಗ್ಗಂಟನ್ನು ಬಿಡಿಸಲು ‘ಅಕ್ರಮ-ಸಕ್ರಮ’ವೆಂಬ ಯೋಜನೆಯನ್ನು ಸರ್ಕಾರವು ಹೂಡಿತು. ವಾಸದ ಮನೆಗಳಲ್ಲಿ ನೂರಕ್ಕೆ 50ರವರೆಗೂ, ವ್ಯಾಪಾರದ ಕಟ್ಟಡಗಳಲ್ಲಿ ನೂರಕ್ಕೆ 25ರವರೆಗೂ ಆದ ಉಲ್ಲಂಘನೆಯನ್ನು ಶುಲ್ಕ ತೆಗೆದುಕೊಂಡು ಮನ್ನಿಸುವುದೆಂದು ನಿಯಮಗಳಾದುವು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆ ಹಾಕಿತು. ವಾದವು ಎರಡು ಕಡೆಯೂ ಬಲವಾದುದು. ನಿಯಮದಂತೆ ತೆರಪು ಬಿಟ್ಟು ಕಟ್ಟಿದವನು, ‘ಮೀರಿದವನನ್ನು ಮನ್ನಿಸಿದರೆ ನಾನು ನಡೆದುಕೊಂಡದ್ದು ಮೂರ್ಖತನವಾಯಿತೆ?’ ಎಂದು ಕೇಳುತ್ತಾನೆ. ಮೀರಿದವನು, ‘ಲಕ್ಷಾಂತರ ಮನೆಗಳನ್ನು ಕೆಡವುವರೆ? ಕೆಡವದಿದ್ದರೆ ನನ್ನನ್ನು ಹೀಗೆ ತೂಗುಬಿಡುವುದೇತಕ್ಕೆ?’ ಎನ್ನುತ್ತಾನೆ. ಈ ಇಬ್ಬರ ನಡುವೆ ಗ್ರಾಮಠಾಣಾದವನು ನಿಂತಿದ್ದಾನೆ. ಅವನ ಪ್ರಶ್ನೆ ಇವೆರಡೂ ಅಲ್ಲ. ‘ನಾನು ಮೀರಿದ್ದು ಯಾವ ಗೆರೆಯನ್ನು? ನಾನಿದ್ದಾಗ ಗೆರೆಯೇ ಇರಲಿಲ್ಲವಲ್ಲ’ ಎಂಬುದು ಅವನ ಮಾತು.

ಇತ್ತೀಚಿನ ವರ್ಷಗಳ ಬೆಳವಣಿಗೆಗಳು ಎರಡು ಬೇರೆಬೇರೆ ದಿಕ್ಕಿಗೆ ಎಳೆಯುತ್ತವೆ. 2024ರಲ್ಲಿ ಪಾಲಿಕೆಯು ‘ನಂಬಿಕೆ ನಕ್ಷೆ’ಯೆಂಬ ಕ್ರಮವನ್ನು ತಂದಿತು. 50×80 ಅಡಿಯವರೆಗಿನ ನಿವೇಶನಗಳಲ್ಲಿ ನಾಲ್ಕು ಸಂಸಾರಗಳಿಗೆ ಮೀರದ ವಾಸದ ಮನೆಗಳಿಗೆ, ನೋಂದಾಯಿತ ವಾಸ್ತುಶಿಲ್ಪಿಯೋ ಇಂಜಿನಿಯರೋ ನಿಯಮಗಳಿಗೆ ಒಪ್ಪುತ್ತದೆಂದು ಹೊಣೆಹೊತ್ತು ಸಲ್ಲಿಸಿದ ನಕ್ಷೆಗೆ ಕಂಪ್ಯೂಟರಿನ ಮೂಲಕವೇ ತಾತ್ಕಾಲಿಕ ಒಪ್ಪಿಗೆ ದೊರೆಯುವಂತಾಯಿತು. ಕಚೇರಿಯ ಬಾಗಿಲಲ್ಲಿ ಕಾಯುವುದು ತಪ್ಪಿತು. ಇನ್ನೊಂದು ಕಡೆ, ಅದೇ 2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಉತ್ತರ ಪ್ರದೇಶದ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತು, ಕಟ್ಟಡಕ್ಕೆ ಪೂರ್ಣಗೊಂಡ ಪತ್ರವೋ ‘ಓ.ಸಿ.’ ಎಂದು ಜನ ಕರೆಯುವ ಸ್ವಾಧೀನಾನುಭವ ಪತ್ರವೋ ಇಲ್ಲದೆ ವಿದ್ಯುತ್ತು, ನೀರು, ಒಳಚರಂಡಿಗಳ ಸಂಪರ್ಕವನ್ನು ಕೊಡಕೂಡದೆಂದು ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿತು. ಕರ್ನಾಟಕದಲ್ಲಿ ಕಟ್ಟಿ ಮುಗಿದ ಸಾವಿರಾರು ಮನೆಗಳು ದೀಪವಿಲ್ಲದೆ ನಿಂತುವು. 2025ರಲ್ಲಿ ಸರ್ಕಾರವು 1,200 ಚದರಡಿಯವರೆಗಿನ ನಿವೇಶನಗಳಲ್ಲಿ ಮಿತವಾದ ಅಂತಸ್ತುಗಳ ವಾಸದ ಮನೆಗಳಿಗೆ ಆ ಪತ್ರದ ಅಗತ್ಯವನ್ನು ಬಿಟ್ಟುಕೊಟ್ಟಿತು. ಅದೇ ವರ್ಷ ಮಹಾನಗರ ಪಾಲಿಕೆಯು ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದುವು. ಬೆಂಗಳೂರು ಪಶ್ಚಿಮ ನಗರ ಪಾಲಿಕೆಯು ಅವುಗಳಲ್ಲೊಂದು. 1862ರಿಂದ ಎಣಿಸಿದರೆ ಅರ್ಜಿಯ ಮೇಲಣ ವಿಳಾಸವು ಎಷ್ಟು ಸಲ ಬದಲಾಯಿಸಿತೋ! ಅರ್ಜಿಯಲ್ಲಿ ಕೇಳುವ ವಸ್ತು ಮಾತ್ರ ಒಂದೇ.

ಆ ವಸ್ತು ಯಾವುದೆಂಬುದನ್ನು ಮರೆತುದೇ ಇಷ್ಟು ಗೊಂದಲಕ್ಕೆ ಕಾರಣವೆಂದು ಚರಿತ್ರೆಯಿಂದ ತೋರುತ್ತದೆ. ಗೃಹಸ್ಥನು ಅಪ್ಪಣೆಯನ್ನು ಸರ್ಕಾರಕ್ಕೆ ಸಲ್ಲಿಸುವ ಕಪ್ಪವೆಂದು ಭಾವಿಸಿದನು. ಕಚೇರಿಯು ಅದನ್ನು ತಾನು ಕೊಡುವ ವರವೆಂದು ಭಾವಿಸಿತು. ಮೂಲದಲ್ಲಿ ಅದು ಎರಡೂ ಅಲ್ಲ. ಪಕ್ಕದಲ್ಲಿ ಬಿಡುವ ಮೂರಡಿಯ ತೆರಪು ನೆರೆಯವನ ಪಾಲಿನ ಗಾಳಿ. ಮಹಡಿಯ ಮಿತಿಯು ಎದುರುಮನೆಯವನ ಪಾಲಿನ ಬಿಸಿಲು. ಕಂಬದ ಲೆಕ್ಕವು ಇಟ್ಟಿಗೆ ಹೊರುವವಳ ಪ್ರಾಣ. ಇವರೆಲ್ಲರೂ ಅರ್ಜಿಯ ಹಾಳೆಯಲ್ಲಿ ಹೆಸರಿಲ್ಲದೆ, ಅಂಕೆಗಳ ರೂಪದಲ್ಲಿ ಕುಳಿತಿದ್ದಾರೆ. ಅರ್ಥಶಾಸ್ತ್ರದ ಕಾಲದಲ್ಲಿ ನೆರೆಯವನು ಎದುರಿಗೆ ಬಂದು ಮಾತನಾಡುತ್ತಿದ್ದನು. ಚಾವಡಿಯಲ್ಲಿಯೂ, ಎಲ್ಲರಿಗೂ ಸಮನಾಗಿಯಲ್ಲದಿದ್ದರೂ, ಮಾತನಾಡುತ್ತಿದ್ದನು. ಈಗ ಅವನ ಪರವಾಗಿ ಅಂಕೆಯು ಮಾತನಾಡುತ್ತದೆ. ಅಂಕೆಯು ಪಕ್ಷಪಾತವಿಲ್ಲದ್ದು, ಆದರೆ ಅದಕ್ಕೆ ಓಣಿಯ ಪರಿಚಯವಿಲ್ಲ.

ಮಾರೇನಹಳ್ಳಿಯಂಥ ಹಳೆಯ ಊರುಗಳಿಗೆ ಬಡಾವಣೆಯ ಅಳತೆಯನ್ನು ಹಿಡಿಯದೆ ಅವಕ್ಕೆ ಒಪ್ಪುವ ಬೇರೆ ಅಳತೆಯನ್ನು ಗೊತ್ತುಮಾಡುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ನಡುಗೋಡೆಯು ಕೂಡಿದ್ದರೆ ಕೂಡಿಯೇ ಇರಲಿ. ಪಕ್ಕದಿಂದ ಬರದ ಬೆಳಕನ್ನು ತೊಟ್ಟಿಯ ಮೂಲಕ ಮೇಲಿನಿಂದ ತರುವ ವಿದ್ಯೆಯು ಕನ್ನಡ ನಾಡಿನ ಮನೆಗಳಿಗೆ ಹೊಸತಲ್ಲ. ಎತ್ತರಕ್ಕೂ ಅಸ್ತಿಭಾರಕ್ಕೂ ಬೆಂಕಿಯ ಬಂಡಿಯು ಬರುವ ದಾರಿಗೂ ನಿಯಮವು ಬಿಗಿಯಾಗಿರಲಿ. ನೆರೆಯವರಿಬ್ಬರೂ ಸಹಿ ಹಾಕಿದ ಕಡೆ ಇತರ ವಿಷಯಗಳಲ್ಲಿ ಸಡಿಲವಾಗಲಿ. ಹೀಗೆ ಮಾಡಿದರೆ ಆ ಊರಿನವನು ಕಚೇರಿಗೆ ಬರುತ್ತಾನೆ. ಬಂದರೆ ಅವನ ಕಂಬದ ಲೆಕ್ಕವನ್ನು ನೋಡುವವರೊಬ್ಬರು ಇರುತ್ತಾರೆ.

ಹೊಸ ಕ್ರಮಕ್ಕೆ ‘ನಂಬಿಕೆ’ಯೆಂಬ ಹೆಸರನ್ನು ಇಟ್ಟವರು ಏನನ್ನು ಆಲೋಚಿಸಿ ಇಟ್ಟರೋ, ಹೆಸರಂತೂ ಒಳ್ಳೆಯದು. ನಕ್ಷೆಯಲ್ಲಿ ಬರೆದಂತೆಯೇ ಮನೆ ಎದ್ದಿತೆ ಎಂಬುದನ್ನು ಮೊದಲು ನೋಡುವವನು ಯಾವ ಇಂಜಿನಿಯರೂ ಅಲ್ಲ, ಬೆಳಗಾಗೆದ್ದು ಕಿಟಕಿ ತೆರೆಯುವ ಪಕ್ಕದ ಮನೆಯವನು. ಕಿಟಕಿಯಾಚೆ ಆಕಾಶವು ಮೊದಲಿನಷ್ಟೇ ಕಂಡರೆ ಅಪ್ಪಣೆಯು ತನ್ನ ಕೆಲಸವನ್ನು ಮಾಡಿದೆಯೆಂದು ತಿಳಿಯಬಹುದು.